ಹೊರಾಂಗಣ ಫಲಕಗಳ ರಕ್ಷಾಲೇಪನ: ತೀರ್ಮಾನ ಆದೇಶಪತ್ರದಲ್ಲೇ ಆಗಲಿ

ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಅವನೊಡನೆ ಮಾತನಾಡುವುದು ಅಂಗಡಿಯ ನಾಮಫಲಕ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022ಕ್ಕೆ 2024ರಲ್ಲಿ ತಂದ ತಿದ್ದುಪಡಿಯಂತೆ ವಾಣಿಜ್ಯ ಸಂಸ್ಥೆಗಳ ಫಲಕಗಳಲ್ಲಿ ಶೇಕಡಾ 60ರಷ್ಟು ಭಾಗ ಕನ್ನಡದಲ್ಲಿರಬೇಕೆಂದು ವಿಧಿಸಿದ ಬಳಿಕ ರಾಜ್ಯದ ಅನೇಕ ವರ್ತಕರು ತಮ್ಮ ಫಲಕಗಳನ್ನು ಹೊಸದಾಗಿ ಮಾಡಿಸಬೇಕಾಯಿತು. ಕೆಲಸ ಅವಸರದ್ದು, ಮುದ್ರಣಾಲಯಗಳಲ್ಲಿ ನೂಕುನುಗ್ಗಲು. ಕೊಡುವವರೂ ಮಾಡುವವರೂ ಚದರ ಅಡಿಯ ದರವೊಂದನ್ನೇ ಮಾತನಾಡಿ ವ್ಯವಹಾರ ಮುಗಿಸಿದರು. ಅದರ ಫಲವನ್ನು ಇಂದು ಯಾವ ಪೇಟೆಬೀದಿಯಲ್ಲಿ ನಿಂತರೂ ಕಾಣಬಹುದು: ಕೆಂಪು ಅಕ್ಷರ ತಿಳಿಗುಲಾಬಿಗೆ ಇಳಿದಿದೆ, ಹಸಿರು ನೀಲಿಯಾಗಿದೆ, ವಿನೈಲ್ ಹಾಳೆಯ ಅಂಚು ಎದ್ದು ಒಳಗೆ ಧೂಳು ಸೇರಿದೆ.

ಇದಕ್ಕೆ ಮುದ್ರಕರನ್ನೇ ದೂರುವುದು ಸುಲಭ. ಆದರೆ ಅದು ನ್ಯಾಯವಲ್ಲ. ಮುದ್ರಿತ ಫಲಕದ ಆಯುಷ್ಯವನ್ನು ಬಹುಮಟ್ಟಿಗೆ ನಿರ್ಧರಿಸುವ ರಕ್ಷಾಲೇಪನದ ವಿಷಯವನ್ನು ನಾವು ಕೊನೆಯ ಗಳಿಗೆಯ, ಬೇಕಾದರೆ ಹಾಕು ಬೇಡವಾದರೆ ಬಿಡು ಎನ್ನುವ ಕೆಲಸವೆಂದು ಭಾವಿಸಿದ್ದೇವೆ. ಲೇಪನವು ಫಲಕ ಸಿದ್ಧವಾದ ಮೇಲೆ ಬಳಿಯುವ ಬಣ್ಣವಲ್ಲ. ಶಾಯಿ, ಹಾಳೆ ಮತ್ತು ಸ್ಥಳ ಈ ಮೂರರೊಡನೆ ಸೇರಿಯೇ ತೀರ್ಮಾನವಾಗಬೇಕಾದ ನಾಲ್ಕನೆಯ ಅಂಗ ಅದು. ಆ ತೀರ್ಮಾನ ಆದೇಶಪತ್ರದಲ್ಲಿ ಬರಹದಲ್ಲಿರಬೇಕು ಎಂಬುದೇ ಈ ಲೇಖನದ ಪ್ರತಿಪಾದನೆ.

ಬಣ್ಣ ಏಕೆ ಮಾಸುತ್ತದೆ?

ಡಿಜಿಟಲ್ ಮುದ್ರಣದಲ್ಲಿ ಸಯಾನ್ ಎಂಬ ನೀಲಿ, ಮಜೆಂಟಾ, ಹಳದಿ ಮತ್ತು ಕಪ್ಪು ಎಂಬ ನಾಲ್ಕು ಶಾಯಿಗಳು ಸೇರಿ ಉಳಿದೆಲ್ಲ ಬಣ್ಣಗಳು ಹುಟ್ಟುತ್ತವೆ. ಇವು ನಾಲ್ಕೂ ಬಿಸಿಲನ್ನು ಸಮನಾಗಿ ತಾಳುವುದಿಲ್ಲ. ಕಪ್ಪಿಗೆ ಆಧಾರವಾದ ಇಂಗಾಲ ಮತ್ತು ಸಯಾನ್‌ಗೆ ಆಧಾರವಾದ ಥ್ಯಾಲೋಸಯನಿನ್ ವರ್ಣಕ ಗಟ್ಟಿಯಾದವು; ಹಳದಿ ಮತ್ತು ಮಜೆಂಟಾ ಸಾಮಾನ್ಯವಾಗಿ ಮೊದಲು ಸೋಲುತ್ತವೆ. ಮಜೆಂಟಾ ಮತ್ತು ಹಳದಿ ಸೇರಿದರೆ ಕೆಂಪು; ಆದ್ದರಿಂದಲೇ ಮೊದಲು ಹೋಗುವುದು ಕೆಂಪು. ಹಳೆಯ ಫಲಕಗಳೆಲ್ಲ ಕೊನೆಗೆ ನೀಲಿಮಯವಾಗಿ ಉಳಿಯುವುದಕ್ಕೂ ಇದೇ ಕಾರಣ.

ಅಂಗಡಿಯ ಹೆಸರು ಮಾಸಿದರೆ ವ್ಯಾಪಾರಕ್ಕೆ ಕಳೆಗುಂದುತ್ತದೆ, ಅಷ್ಟೆ. ಕಾರ್ಖಾನೆಯಲ್ಲಿ ವಿಷಯ ಅಷ್ಟಕ್ಕೇ ನಿಲ್ಲುವುದಿಲ್ಲ. ಸುರಕ್ಷತಾ ಬಣ್ಣ ಹಾಗೂ ಚಿಹ್ನೆಗಳ ಕುರಿತ ಭಾರತೀಯ ಮಾನಕ ಐ.ಎಸ್. 9457ರಲ್ಲಿಯೂ ಅಂತರರಾಷ್ಟ್ರೀಯ ಪದ್ಧತಿಯಲ್ಲಿಯೂ ನಿಷೇಧಕ್ಕೆ ಕೆಂಪು, ಎಚ್ಚರಿಕೆಗೆ ಹಳದಿ, ಕಡ್ಡಾಯ ಕ್ರಮಕ್ಕೆ ನೀಲಿ. ಮೊದಲು ಮಾಸುವ ಎರಡು ಬಣ್ಣಗಳೇ ಅತ್ಯಂತ ಅಗತ್ಯವಾಗಿ ಕಾಣಬೇಕಾದ ಎರಡು ಬಣ್ಣಗಳು ಎಂಬುದನ್ನು ಸಣ್ಣ ಕೈಗಾರಿಕೋದ್ಯಮಿಗಳು ಗಮನಿಸಬೇಕು. ತಿನ್ನರ್ ದಾಸ್ತಾನು ಕೊಠಡಿಯ ಹೊರಗೋಡೆಯ ಮೇಲಿನ ಧೂಮಪಾನ ನಿಷೇಧದ ಕೆಂಪು ವೃತ್ತ ಅಳಿದು ಒಳಗಿನ ಬೀಡಿಯ ಚಿತ್ರ ಮಾತ್ರ ಉಳಿದರೆ, ಆ ಫಲಕ ಹೇಳುವುದೇನು? ಹೊಸದಾಗಿ ಕೆಲಸಕ್ಕೆ ಸೇರಿದ, ಓದು ಬಾರದ ಕಾರ್ಮಿಕನಿಗೆ ಅದು ಅನುಮತಿಯಂತೆಯೇ ತೋರೀತು. ಲೇಪನದ ವಿಷಯದಲ್ಲಿ ಉಳಿಸಿದ ನಾಲ್ಕು ಕಾಸಿಗೆ ಇಲ್ಲಿ ತೆರಬೇಕಾದ ಬೆಲೆ ಬೇರೆಯೇ.

ಲೇಪನ ಮಾಡುವುದೇನು, ಮಾಡದಿರುವುದೇನು?

ಒಳ್ಳೆಯ ಲೇಪನದಲ್ಲಿ ಎರಡು ಬಗೆಯ ರಕ್ಷಕ ದ್ರವ್ಯಗಳಿರುತ್ತವೆ. ಒಂದು, ಅತಿನೇರಳೆ ಕಿರಣವನ್ನು ಹೀರಿ ಶಾಖವಾಗಿ ಹೊರಬಿಡುವಂಥದು. ಇನ್ನೊಂದು, ಬಿಸಿಲಿನಿಂದ ಪದರದೊಳಗೆ ಆರಂಭವಾದ ವಿಘಟನೆಯ ಸರಪಳಿಯನ್ನು ತುಂಡರಿಸುವಂಥದು. ಇದಲ್ಲದೆ ಮಳೆನೀರು, ಹೊಗೆ, ಒರಸುಬಟ್ಟೆಯ ತಿಕ್ಕಾಟ, ಭಿತ್ತಿಪತ್ರ ಅಂಟಿಸುವವರ ಗೋಂದು ಇವುಗಳು ನೇರವಾಗಿ ಶಾಯಿಯನ್ನು ಮುಟ್ಟದಂತೆ ಲೇಪನ ತಡೆಯುತ್ತದೆ.

ಇದರ ಮಿತಿಯನ್ನೂ ಅರಿತಿರಬೇಕು. ಕಿರಣ ಹೀರುವ ದ್ರವ್ಯವು ವರ್ಷಗಳು ಕಳೆದಂತೆ ತಾನೇ ಸವೆಯುತ್ತದೆ. ಕಣ್ಣಿಗೆ ಕಾಣುವ ಬೆಳಕಿನಿಂದಲೂ ಶಾಖದಿಂದಲೂ ಕೆಲವು ಶಾಯಿಗಳು ಮಾಸುತ್ತವೆ. ಅದನ್ನು ಪಾರದರ್ಶಕವಾದ ಯಾವ ಪದರವೂ ಪೂರ್ತಿ ತಡೆಯಲಾರದು. ಒಳಾಂಗಣಕ್ಕೆಂದು ತಯಾರಾದ ಡೈ ಶಾಯಿಯಲ್ಲಿ ಮುದ್ರಿಸಿ, ಮೇಲೆ ಎಷ್ಟೇ ಬೆಲೆಯ ಲೇಪನ ಹಾಕಿದರೂ ಅದು ಹೊರಾಂಗಣ ಫಲಕವಾಗುವುದಿಲ್ಲ. ಬಣ್ಣ ಮಾಸತೊಡಗಿದ ಮೇಲೆ ವಾರ್ನಿಷ್ ಹೊಡೆಸುವುದಂತೂ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಹೋದ ಬಣ್ಣ ಮರಳಿ ಬರುವುದಿಲ್ಲ.

ಪೇಟೆಯಲ್ಲಿ ದೊರೆಯುವ ಬಗೆಗಳು

ಮೊದಲನೆಯದು ಲ್ಯಾಮಿನೇಶನ್, ಅಂದರೆ ಹಿಂಬದಿಯಲ್ಲಿ ಗೋಂದಿರುವ ಪಾರದರ್ಶಕ ಹಾಳೆಯನ್ನು ರೋಲರಿನಡಿ ಒತ್ತಿ ಅಂಟಿಸುವುದು. ಇದರಲ್ಲಿಯೂ ದರ್ಜೆಗಳಿವೆ. ಬಿಸಿ ಉರುಳೆಗಳ ನಡುವೆ ಹಿಗ್ಗಿಸಿ ತಯಾರಿಸುವ ಕ್ಯಾಲೆಂಡರ್ಡ್ ವಿನೈಲ್ ಅಗ್ಗ. ಆದರೆ ಬಿಸಿಲಿಗೆ ಅದು ತನ್ನ ಮೊದಲಿನ ಅಳತೆಗೆ ಕುಗ್ಗಲು ಯತ್ನಿಸುತ್ತದೆ. ದ್ರವರೂಪದಲ್ಲಿ ಸುರಿದು ಒಣಗಿಸುವ ಕಾಸ್ಟ್ ವಿನೈಲ್ ದುಬಾರಿ. ಕುಗ್ಗುವುದು ಕಡಿಮೆ, ಬಾಗಿದ ಮೈಗೂ ಹೊಂದಿಕೊಳ್ಳುತ್ತದೆ, ವಾಹನಗಳಿಗೆ ಇದೇ ಸರಿ. ಇವೆರಡರ ನಡುವೆ ಪಾಲಿಮೆರಿಕ್ ಎಂಬ ದರ್ಜೆಯಿದೆ; ಸಮತಟ್ಟಾದ ಅಂಗಡಿ ಫಲಕಗಳಿಗೆ ಬಹುತೇಕ ಸಂದರ್ಭಗಳಲ್ಲಿ ಇದು ಸಾಲುತ್ತದೆ. ಇಲ್ಲಿನ ಮುಖ್ಯ ನಿಯಮವೆಂದರೆ ಕೆಳಗಿನ ಹಾಳೆಗೂ ಮೇಲಿನ ಹಾಳೆಗೂ ಜಾತಿ ಒಂದೇ ಇರಬೇಕು. ಕಾಸ್ಟ್ ಹಾಳೆಯ ಮೇಲೆ ಅಗ್ಗದ ಕ್ಯಾಲೆಂಡರ್ಡ್ ಹಾಳೆ ಅಂಟಿಸಿದರೆ ಮೇಲಿನದು ಕುಗ್ಗುತ್ತದೆ, ಕೆಳಗಿನದು ಕುಗ್ಗುವುದಿಲ್ಲ, ಅಂಚು ಸುರುಳಿಯಾಗುತ್ತದೆ.

ಎರಡನೆಯದು ದ್ರವಲೇಪನ. ನೀರು ಆಧಾರಿತ ಅಕ್ರಿಲಿಕ್ ಲೇಪನಕ್ಕೆ ವಾಸನೆ ಕಡಿಮೆ, ಬಗ್ಗುವ ಗುಣವಿದೆ; ಆದರೆ ಮಳೆಗಾಲದ ತೇವದಲ್ಲಿ ನಿಧಾನವಾಗಿ ಒಣಗಿ ಕೆಲವೊಮ್ಮೆ ಬೆಳ್ಳಗೆ ಮಸುಕಾಗುತ್ತದೆ. ದ್ರಾವಕ ಆಧಾರಿತ ಲ್ಯಾಕರ್ ಬೇಗ ಒಣಗುತ್ತದೆ. ಆದರೆ ಸಾಲ್ವೆಂಟ್ ಶಾಯಿಯ ಮೇಲೆ ದಪ್ಪಗೆ ಬಿದ್ದರೆ ಶಾಯಿಯನ್ನೇ ಕರಗಿಸಿ ಅಕ್ಷರವನ್ನು ಕದಡಬಲ್ಲದು. ಎರಡು ಡಬ್ಬಿಗಳನ್ನು ಬೆರೆಸಿ ಬಳಿಯುವ ಪಾಲಿಯುರೆಥೇನ್ ಗಟ್ಟಿಯಾದ ತಗಡು ಮತ್ತು ಅಲ್ಯೂಮಿನಿಯಂ ಫಲಕಗಳಿಗೆ ಒಳ್ಳೆಯದು. ಎಣ್ಣೆ, ತಿನ್ನರ್ ತಾಗುವ ಕಾರ್ಖಾನೆ ಆವರಣಕ್ಕೆ ಹೇಳಿ ಮಾಡಿಸಿದಂಥದು. ಇದರಲ್ಲಿ ಅಲಿಫ್ಯಾಟಿಕ್ ಬಗೆಯನ್ನೇ ಕೇಳಿ ಪಡೆಯಬೇಕು. ಅರೋಮ್ಯಾಟಿಕ್ ಬಗೆ ಬಿಸಿಲಿಗೆ ಹಳದಿಯಾಗುತ್ತದೆ. ಇದರ ಗಟ್ಟಿಕಾರಕದಲ್ಲಿರುವ ಐಸೋಸಯನೇಟ್ ಶ್ವಾಸಕೋಶಕ್ಕೆ ಹಾನಿಕರವಾದುದರಿಂದ, ತಕ್ಕ ಮುಖಕವಚ ಮತ್ತು ಗಾಳಿ ಹೊರದೂಡುವ ವ್ಯವಸ್ಥೆಯಿಲ್ಲದ ಮಳಿಗೆಯಲ್ಲಿ ಇದನ್ನು ಸಿಂಪಡಿಸಲೇಬಾರದು.

ಮೂರನೆಯದು ಬಳಸಬಾರದ ಬಗೆ. ಬಾಗಿಲು ಕಿಟಕಿಗೆ ಹೊಡೆಯುವ ಎಣ್ಣೆ ವಾರ್ನಿಷ್ ಮತ್ತು ಉಳಿದ ಎಪಾಕ್ಸಿಯನ್ನು ಫಲಕಕ್ಕೆ ಬಳಿಯುವ ರೂಢಿ ಕೆಲವೆಡೆ ಇದೆ. ಎಣ್ಣೆ ವಾರ್ನಿಷ್ ಹಳದಿಯಾಗಿ ಬಿರಿಯುತ್ತದೆ. ಎಪಾಕ್ಸಿ ಅಂಟುವುದರಲ್ಲಿ ಎಷ್ಟೇ ಬಲವಾದುದಾದರೂ ಬಿಸಿಲಿಗೆ ಹಳದಿಯಾಗಿ ಸುಣ್ಣದಂತೆ ಪುಡಿಯೇಳುತ್ತದೆ. ಇವೆರಡಕ್ಕಿಂತ ಲೇಪನವಿಲ್ಲದ ಫಲಕವೇ ವಾಸಿ.

ಶಾಯಿಗೆ ತಕ್ಕ ಲೇಪನ, ಊರಿಗೆ ತಕ್ಕ ಲೇಪನ

ಸಾಲ್ವೆಂಟ್ ಮತ್ತು ಇಕೋ ಸಾಲ್ವೆಂಟ್ ಶಾಯಿಯಲ್ಲಿ ಮುದ್ರಿಸಿದ ಹಾಳೆ ಕೈಗೆ ಒಣಗಿದಂತೆ ತೋರಿದರೂ ಒಳಗೆ ದ್ರಾವಕ ಉಳಿದಿರುತ್ತದೆ. ಅದು ಆವಿಯಾಗಿ ಹೋಗಲು ಕನಿಷ್ಠ 24 ಗಂಟೆ, ದಟ್ಟ ಬಣ್ಣವಾದರೆ 48 ಗಂಟೆ ಬಿಡಬೇಕು. ಅದೂ ಬಿಗಿಯಾಗಿ ಸುತ್ತಿಟ್ಟಲ್ಲ, ಗಾಳಿಯಾಡುವಂತೆ ಹರಡಿ. ಅದೇ ದಿನ ಲ್ಯಾಮಿನೇಶನ್ ಮಾಡಿದರೆ ಒಳಗೆ ಸಿಕ್ಕಿಬಿದ್ದ ದ್ರಾವಕ ಗೋಂದನ್ನು ಮೆತ್ತಗೆ ಮಾಡಿ ಗುಳ್ಳೆ ಎಬ್ಬಿಸುತ್ತದೆ, ಅಂಚು ಎಬ್ಬಿಸುತ್ತದೆ. "ಸಂಜೆಯೊಳಗೆ ಬೇಕು" ಎಂದು ಒತ್ತಾಯಿಸುವ ಗಿರಾಕಿ ತನ್ನ ಫಲಕದ ಆಯುಷ್ಯವನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತಾನೆ. ಲ್ಯಾಟೆಕ್ಸ್ ಶಾಯಿ ಯಂತ್ರದಿಂದ ಹೊರಬರುವಾಗಲೇ ಒಣಗಿರುವುದರಿಂದ ಈ ಕಾಯುವಿಕೆ ಬೇಕಿಲ್ಲ. ಅತಿನೇರಳೆ ದೀಪದಡಿ ಗಟ್ಟಿಯಾಗುವ ಯು.ವಿ. ಶಾಯಿಗೂ ದ್ರಾವಕದ ತೊಂದರೆಯಿಲ್ಲ. ಆದರೆ ಅದರ ಮೈ ಕೆಲವೊಮ್ಮೆ ದ್ರವಲೇಪನವನ್ನು ಸರಿಯಾಗಿ ಹಿಡಿಯದೆ ಹನಿಹನಿಯಾಗಿ ಬಿಡುತ್ತದೆ. ಆದ್ದರಿಂದ ತುಣುಕೊಂದರ ಮೇಲೆ ಬಳಿದು, ಒಣಗಿದ ಮೇಲೆ ಬ್ಲೇಡಿನಿಂದ ಚೌಕಳಿಯಾಗಿ ಗೀರಿ, ಟೇಪ್ ಅಂಟಿಸಿ ಕಿತ್ತು ನೋಡಬೇಕು. ಬಣ್ಣದ ಉದ್ಯಮದಲ್ಲಿ ಐ.ಎಸ್.ಒ. 2409 ಮುಂತಾದ ಮಾನಕಗಳಡಿ ನಡೆಯುವ ಪರೀಕ್ಷೆಯ ಸರಳ ರೂಪವಿದು; ಪ್ರಯೋಗಾಲಯವಿಲ್ಲದೆಯೂ ಐದು ನಿಮಿಷದಲ್ಲಿ ಮಾಡಬಹುದು.

ಇನ್ನು ಸ್ಥಳದ ವಿಚಾರ. ತಯಾರಕರು ತಮ್ಮ ವಿವರಪತ್ರದಲ್ಲಿ ನಮೂದಿಸುವ ಐದು ವರ್ಷ, ಏಳು ವರ್ಷ ಎಂಬ ಅವಧಿ ಸಾಮಾನ್ಯವಾಗಿ ಲಂಬವಾಗಿ ನಿಲ್ಲಿಸಿದ ಫಲಕಕ್ಕೆ, ಸಮಶೀತೋಷ್ಣ ಹವೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ಹೇಳಿದ್ದು. ಬಿಸಿಲಿನ ಪ್ರದೇಶಕ್ಕೂ, ಮೇಲ್ಮುಖವಾಗಿ ಓರೆಯಾದ ಫಲಕಕ್ಕೂ ಅವರೇ ಕಡಿಮೆ ಅವಧಿಯನ್ನು ಸಣ್ಣ ಅಕ್ಷರದಲ್ಲಿ ಮುದ್ರಿಸಿರುತ್ತಾರೆ. ಆ ಸಣ್ಣ ಅಕ್ಷರವನ್ನು ಓದದೆ ದೊಡ್ಡ ಅಂಕಿಯನ್ನಷ್ಟೇ ನಂಬುವುದು ಜಾಣತನವಲ್ಲ.

ನಮ್ಮ ರಾಜ್ಯದೊಳಗೇ ಹವೆಯ ಅಂತರ ಎಷ್ಟೊಂದು! ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳಲ್ಲಿ ಶತ್ರು ಬಿಸಿಲು ಮತ್ತು ಧೂಳು. ಅಲ್ಲಿ ಕಿರಣರಕ್ಷಕ ದ್ರವ್ಯ ಮತ್ತು ಕುಗ್ಗದ ಹಾಳೆ ಮುಖ್ಯ. ಮಂಗಳೂರು, ಉಡುಪಿ, ಕಾರವಾರಗಳಲ್ಲಿ ತಿಂಗಳುಗಟ್ಟಲೆ ಮಳೆ ಮತ್ತು ಉಪ್ಪುಗಾಳಿ; ಅಲ್ಲಿ ಅಂಚಿನ ಮುಚ್ಚಿಗೆಯೇ ಪ್ರಾಣ. ನೀರು ಒಳಹೊಗುವುದು ಫಲಕದ ನಡುವಿನಿಂದಲ್ಲ, ಕತ್ತರಿಸಿದ ಅಂಚಿನಿಂದ. ಲ್ಯಾಮಿನೇಶನ್ ಹಾಳೆ ಮುದ್ರಣಕ್ಕಿಂತ ಸ್ವಲ್ಪ ಹೊರಗೆ ಚಾಚಿರಬೇಕು, ಅಥವಾ ಫಲಕದ ಹಿಂಬದಿಗೆ ಮಡಚಿರಬೇಕು, ಅಥವಾ ಅಂಚಿಗೆ ದ್ರವಲೇಪನ ಹಚ್ಚಿರಬೇಕು. ಬೆಂಗಳೂರಿನ ಹವೆ ಹಿತವಾದರೂ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬಿಸಿಲಿನಲ್ಲಿ ಅತಿನೇರಳೆ ಕಿರಣಕ್ಕೆ ಕೊರತೆಯಿಲ್ಲ. ಜೊತೆಗೆ ವಾಹನಗಳ ಹೊಗೆ. ಅಂಗಡಿ ಯಾವ ದಿಕ್ಕಿಗೆ ಮುಖಮಾಡಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ದಕ್ಷಿಣ ಮತ್ತು ಪಶ್ಚಿಮಕ್ಕೆ ತೆರೆದ ಫಲಕ ಉತ್ತರಮುಖದ ಫಲಕಕ್ಕಿಂತ ಬೇಗ ಸೋಲುತ್ತದೆ.

ಎಲ್ಲ ಫಲಕಕ್ಕೂ ಲೇಪನ ಬೇಕೆ?

ಬೇಡ. ಹಬ್ಬದ ರಿಯಾಯಿತಿ ಮಾರಾಟದ ಹದಿನೈದು ದಿನಗಳ ಬ್ಯಾನರಿಗೆ ಲೇಪನ ಹಾಕಿಸುವುದು ದುಂದು. ಅಂಥ ಬ್ಯಾನರಿನ ಬಗ್ಗೆ ಕಾನೂನಿನ ಅಂಕೆಯನ್ನೂ ನೆನಪಿಡಬೇಕು. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲಗಳೊಡನೆ ಫ್ಲೆಕ್ಸ್, ಬ್ಯಾನರ್‌ಗಳ ಮೇಲೂ ನಿಷೇಧ ಹೇರಿತು. 2018ರಲ್ಲಿ ಉಚ್ಚ ನ್ಯಾಯಾಲಯದ ಆದೇಶದಂತೆ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ನಗರದ ಫ್ಲೆಕ್ಸ್‌ಗಳನ್ನು ತೆರವುಗೊಳಿಸಿತು. 2022ರ ಜುಲೈ 1ರಿಂದ 100 ಮೈಕ್ರಾನ್‌ಗಿಂತ ತೆಳುವಾದ ಪಿ.ವಿ.ಸಿ. ಬ್ಯಾನರುಗಳು ದೇಶಾದ್ಯಂತ ನಿಷಿದ್ಧ. ಹೀಗಿರುವಾಗ ಪದೇ ಪದೇ ಬದಲಿಸುವ ಅಗ್ಗದ ಫಲಕಕ್ಕಿಂತ ಹಲವು ವರ್ಷ ಬಾಳುವ ಒಂದು ಫಲಕವೇ ಕಾನೂನಿಗೂ ಪರಿಸರಕ್ಕೂ ಹಿತ.

ಹಣದ ಲೆಕ್ಕವನ್ನೂ ನೋಡೋಣ. ಲೆಕ್ಕದ ಅನುಕೂಲಕ್ಕಾಗಿ, ಚೌಕಟ್ಟು, ಮುದ್ರಣ, ಏರಿಸುವ ಕೂಲಿ ಸೇರಿ ಫಲಕವೊಂದಕ್ಕೆ 20,000 ರೂಪಾಯಿ, ಲೇಪನಕ್ಕೆ ಮತ್ತೆ 2,000 ರೂಪಾಯಿ ಎಂದಿಟ್ಟುಕೊಳ್ಳಿ. ಲೇಪನವಿಲ್ಲದ ಫಲಕ ಎರಡು ವರ್ಷ ಬಾಳಿದರೆ ವರ್ಷದ ವೆಚ್ಚ 10,000. ಲೇಪನವಿರುವುದು ನಾಲ್ಕು ವರ್ಷ ಬಾಳಿದರೆ 5,500. ಮೂರೇ ವರ್ಷ ಬಾಳಿದರೂ 7,333. ದರಪಟ್ಟಿಗಳನ್ನು ಹೋಲಿಸುವಾಗ ಚದರ ಅಡಿಯ ದರದ ಪಕ್ಕದಲ್ಲಿ ವರ್ಷವೊಂದರ ದರವನ್ನೂ ಬರೆದು ನೋಡಿದರೆ ಅಗ್ಗದ ದರಪಟ್ಟಿ ಯಾವುದೆಂಬ ಉತ್ತರ ಅನೇಕ ಸಲ ಬದಲಾಗುತ್ತದೆ.

ಬಾಡಿಗೆ ಮಳಿಗೆಯಲ್ಲಿರುವ ವರ್ತಕರು "ಹನ್ನೊಂದು ತಿಂಗಳ ಕರಾರು, ಮುಂದೆ ಇಲ್ಲೇ ಇರುತ್ತೇವೋ ಇಲ್ಲವೋ, ನಮಗೇಕೆ ಈ ಖರ್ಚು?" ಎನ್ನುವುದುಂಟು. ಈ ಮಾತಿನಲ್ಲಿ ಅರ್ಥವಿದೆ. ಅಂಥವರು ಕಳಚಿ ಒಯ್ಯಬಹುದಾದ ಚೌಕಟ್ಟಿಗೆ ಹಣ ಹಾಕಲಿ, ಮುದ್ರಣವನ್ನು ಸರಳವಾಗಿಡಲಿ. ಅದೂ ಒಂದು ತೀರ್ಮಾನವೇ. ನಮ್ಮ ಆಕ್ಷೇಪ ಲೇಪನ ಹಾಕಿಸದವರ ಮೇಲಲ್ಲ. ಹಾಕಿದ್ದಾರೆಯೇ ಇಲ್ಲವೇ, ಹಾಕಿದ್ದಾದರೆ ಯಾವುದನ್ನು ಎಂದು ಕೇಳದೆ ಹಣ ಕೊಡುವ ಪದ್ಧತಿಯ ಮೇಲೆ.

ಬರಹದಲ್ಲಿರಲಿ

ಈ ಪದ್ಧತಿಗೆ ಕಾನೂನಿನ ದೃಷ್ಟಿಯಿಂದಲೂ ದೋಷವಿದೆ. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಲ್ಲಿ ವಾಣಿಜ್ಯ ಉದ್ದೇಶಕ್ಕಾಗಿ ಕೊಳ್ಳುವವರನ್ನು ಗ್ರಾಹಕರೆಂದು ಪರಿಗಣಿಸುವುದಿಲ್ಲ; ಸ್ವಯಂ ಉದ್ಯೋಗದಿಂದ ಜೀವನ ನಡೆಸುವವರಿಗಷ್ಟೇ ವಿನಾಯಿತಿ. ಆದ್ದರಿಂದ ಬಹುಪಾಲು ವರ್ತಕರಿಗೆ ಉಳಿಯುವ ಆಸರೆ ಒಪ್ಪಂದವೇ. ಸರಕುಗಳ ಮಾರಾಟ ಅಧಿನಿಯಮ, 1930ರ 16ನೆಯ ಪ್ರಕರಣದ ಪ್ರಕಾರ, ಕೊಳ್ಳುವವನು ತನ್ನ ಉದ್ದೇಶವನ್ನು ಮಾರುವವನಿಗೆ ತಿಳಿಸಿ ಅವನ ಪರಿಣತಿಯನ್ನು ನಂಬಿ ಕೊಂಡಿದ್ದರೆ, ಸರಕು ಆ ಉದ್ದೇಶಕ್ಕೆ ತಕ್ಕುದಾಗಿರಬೇಕೆಂಬ ಷರತ್ತು ಒಪ್ಪಂದದಲ್ಲಿ ತಾನಾಗಿ ಅಡಗಿರುತ್ತದೆ. ಆದರೆ ಉದ್ದೇಶವನ್ನು ತಿಳಿಸಿದ್ದಕ್ಕೆ ದಾಖಲೆ ಬೇಕಲ್ಲ! "ಪಶ್ಚಿಮಮುಖ, ನೆರಳಿಲ್ಲ, ಮೂರು ವರ್ಷ ಓದುವಂತಿರಬೇಕು" ಎಂಬ ಒಂದು ಸಾಲು ಆದೇಶಪತ್ರದಲ್ಲಿದ್ದರೆ ಅದೇ ದಾಖಲೆ.

ಇನ್ನೊಂದು ಅಂಶ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮ, 2006ರಂತೆ ನೋಂದಾಯಿತ ಸಣ್ಣ ಉದ್ಯಮದಿಂದ ಪಡೆದ ಸರಕಿನ ಬಗ್ಗೆ 15 ದಿನಗಳೊಳಗೆ ಲಿಖಿತ ಆಕ್ಷೇಪ ಸಲ್ಲಿಸದಿದ್ದರೆ ಅದನ್ನು ಅಂಗೀಕರಿಸಿದಂತೆ ಭಾವಿಸಲಾಗುತ್ತದೆ. ಒಪ್ಪಿದ ಅವಧಿ ಎಷ್ಟೇ ಇದ್ದರೂ 45 ದಿನ ಮೀರದಂತೆ ಹಣ ಸಂದಾಯವಾಗಬೇಕು. ಇದು ಸಣ್ಣ ಮುದ್ರಕರಿಗೆ ನ್ಯಾಯವಾಗಿ ದೊರೆತ ರಕ್ಷಣೆ. ಆದರೆ 15 ದಿನಗಳಲ್ಲಿ ಯಾವ ಬಣ್ಣವೂ ಮಾಸುವುದಿಲ್ಲ. ಆದ್ದರಿಂದ ಫಲಕದ ಬಾಳಿಕೆಯ ಖಾತರಿಯನ್ನು ಆದೇಶಪತ್ರದಲ್ಲೇ ಪ್ರತ್ಯೇಕವಾಗಿ ಬರೆಸಿಕೊಳ್ಳದಿದ್ದರೆ, ಬಣ್ಣ ಹೋದ ದಿನ ಕೇಳಲು ಕೈಯಲ್ಲಿ ಏನೂ ಇರುವುದಿಲ್ಲ.

ಆದೇಶಪತ್ರದಲ್ಲಿರಬೇಕಾದ ವಿವರ ಹೆಚ್ಚೇನಿಲ್ಲ. ಶಾಯಿಯ ಬಗೆ, ಹಾಳೆಯ ಮತ್ತು ಲೇಪನದ ತಯಾರಕರ ಹೆಸರು ಹಾಗೂ ದರ್ಜೆ, ಮುದ್ರಣಕ್ಕೂ ಲೇಪನಕ್ಕೂ ನಡುವೆ ಬಿಡುವ ಸಮಯ, ಅಂಚನ್ನು ಮುಚ್ಚುವ ವಿಧಾನ, ಫಲಕದ ಸ್ಥಳ ಮತ್ತು ದಿಕ್ಕು, ಬಾಳಿಕೆಯ ಅವಧಿ ಮತ್ತು ಅದಕ್ಕೆ ಮುನ್ನ ಮಾಸಿದರೆ ಪರಿಹಾರ. ಇದರಿಂದ ಮುದ್ರಕರಿಗೂ ಲಾಭವಿದೆ. ಒಳ್ಳೆಯ ಹಾಳೆ ಹಾಕುವವನೂ ಕಳಪೆ ಹಾಳೆ ಹಾಕುವವನೂ ಒಂದೇ ಚದರ ಅಡಿ ದರದಲ್ಲಿ ಸೆಣಸಬೇಕಾದ ಇಂದಿನ ಸ್ಥಿತಿಯಲ್ಲಿ ಸೋಲುವವನು ಪ್ರಾಮಾಣಿಕ ಮುದ್ರಕ. ಗಿರಾಕಿಯೂ ತನ್ನ ಪಾಲಿನ ಕರ್ತವ್ಯ ಮರೆಯಬಾರದು. ಫಲಕವನ್ನು ಸೌಮ್ಯ ಸಾಬೂನು ನೀರು, ಮೆದು ಬಟ್ಟೆಯಿಂದ ತೊಳೆಯಬೇಕೇ ಹೊರತು ಸೀಮೆಎಣ್ಣೆ, ತಿನ್ನರ್‌ಗಳಿಂದ ಉಜ್ಜಬಾರದು; ಉಜ್ಜಿದರೆ ಖಾತರಿ ಕೇಳುವ ಹಕ್ಕೂ ಅದರೊಡನೆ ಹೋಗುತ್ತದೆ.

ಸಂಸ್ಥೆಗಳು ಮುಂದಾಗಲಿ

ಈ ವಿಷಯದಲ್ಲಿ ಜಿಲ್ಲಾ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಗಳು ಎರಡು ಕೆಲಸ ಮಾಡಬಹುದು. ಮೊದಲನೆಯದು, ಮೇಲಿನ ವಿವರಗಳನ್ನೊಳಗೊಂಡ ಒಂದು ಪುಟದ ಮಾದರಿ ಆದೇಶಪತ್ರವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಸದಸ್ಯರಿಗೂ ಮುದ್ರಕರಿಗೂ ಹಂಚುವುದು. ಎರಡನೆಯದು, ತಮ್ಮ ಕಟ್ಟಡದ ತಾರಸಿಯ ಮೇಲೆ ಒಂದು ಪರೀಕ್ಷಾ ಚೌಕಟ್ಟು ನಿಲ್ಲಿಸುವುದು. ಮುದ್ರಕರು ತಮ್ಮ ಲೇಪನದ ಮಾದರಿ ತುಣುಕುಗಳನ್ನು ಕೊಡಲಿ. ಪ್ರತಿಯೊಂದರ ಅರ್ಧಭಾಗವನ್ನು ಅಲ್ಯೂಮಿನಿಯಂ ಹಾಳೆಯಿಂದ ಮುಚ್ಚಿ ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ಬಿಸಿಲು ಮಳೆಗೆ ಒಡ್ಡಿಡಲಿ. ನಂತರ ಮುಚ್ಚಿಗೆ ತೆಗೆದು ಎರಡು ಅರ್ಧಗಳನ್ನು ಪಕ್ಕಪಕ್ಕದಲ್ಲಿ ನೋಡಿದರೆ ಯಾವ ಲೇಪನದ ಯೋಗ್ಯತೆ ಎಷ್ಟೆಂಬುದು ಯಾರ ಕಣ್ಣಿಗೂ ಗೊತ್ತಾಗುತ್ತದೆ. ಪ್ರಯೋಗಾಲಯದ ಕ್ಸೆನಾನ್ ದೀಪದ ಪರೀಕ್ಷೆಗೆ ಇದು ಸಮವಲ್ಲ. ಆದರೆ ಇದು ನಮ್ಮ ಊರಿನ ಬಿಸಿಲು, ನಮ್ಮ ಊರಿನ ಮಳೆ. ಇದಕ್ಕೆ ತಗಲುವ ಖರ್ಚು ಒಂದು ಕಬ್ಬಿಣದ ಚೌಕಟ್ಟಿನದು ಮಾತ್ರ.

ಮುಂದಿನ ಸಲ ಫಲಕಕ್ಕೆ ಆದೇಶ ಕೊಡುವ ಸದಸ್ಯರು ದರ ಕೇಳುವ ಮೊದಲು "ಇದರ ಮೇಲೆ ಏನು ಹಾಕುತ್ತೀರಿ, ಅದು ಈ ಶಾಯಿಗೆ ಹೊಂದುತ್ತದೆಯೇ?" ಎಂದು ಕೇಳಲಿ, ಬಂದ ಉತ್ತರವನ್ನು ಬರೆಸಿಕೊಳ್ಳಲಿ. ಕೇಳುವವರು ಹೆಚ್ಚಿದಂತೆ ಒಳ್ಳೆಯ ಸರಕು ಹಾಕುವವರೂ ಹೆಚ್ಚುತ್ತಾರೆ.